ನಾದಿನಿಗೆ ಕಿವಿ ಕೇಳಿಸಲ್ಲ. ನಾನು ಸೈನ್ ಕಲಿಯೋದು ಹೇಗೆ?

ಪ್ರಶ್ನೆ: ನನ್ನ ತವರು ಸೇಡಂ ಹತ್ತಿರ. ಮದುವೆಯಾಗಿ ಕಲಬುರಗಿಗೆ ಬಂದು ಎರಡು ವರ್ಷವಾಯಿತು. ಗಂಡ ನನ್ನ ಸೋದರತ್ತೆಯ ಮಗ. ಅವರ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಈಗ 24 ವರ್ಷ. ಕಿವುಡರ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಓದಿದ್ದಾಳೆ, ಹೊಲಿಗೆ ಚೆನ್ನಾಗಿ ಮಾಡುತ್ತಾಳೆ. ಗೆಳತಿಯರ ಜೊತೆ ವಿಡಿಯೊ ಕಾಲ್‌ನಲ್ಲಿ ಗಂಟೆಗಟ್ಟಲೆ ಸೈನ್ ಭಾಷೆಯಲ್ಲಿ ಮಾತಾಡುತ್ತಾಳೆ. ಮನೆಯಲ್ಲಿ ಮಾತ್ರ ಊಟ, ನೀರು, ಬಾ, ಹೋಗು, ಅಷ್ಟೇ ಸನ್ನೆ. ಅವಳ ಜೊತೆ ಮಾತಾಡಬೇಕು ಅಂತ ಇನ್‌ಸ್ಟಾಗ್ರಾಮ್ ನೋಡಿ ಸ್ವಲ್ಪ ಕಲಿತೆ. ಅವಳು ನಕ್ಕು, ಎಲ್ಲಾ ತಪ್ಪು ಎಂದಳು. ಒಂದು ಹಾಡಿಗೆ ಸೈನ್ ಮಾಡಿ ರೀಲ್ ಹಾಕಿದೆ. ಎಲ್ಲರೂ ಮೆಚ್ಚಿದರು, ಅವಳು ಎರಡು ದಿನ ಮುಖ ತಿರುಗಿಸಿದಳು. ನನಗೆ ಎಂಟು ತಿಂಗಳ ಮಗ ಇದ್ದಾನೆ. "ಅವನ ಮುಂದ ಕೈ ಆಡಿಸಬ್ಯಾಡ, ಅವನಿಗೂ ಮಾತು ಬರಂಗಿಲ್ಲ" ಅನ್ನುತ್ತಾರೆ ಅತ್ತೆ. ಈಗ ಹುಮನಾಬಾದ್ ಕಡೆಯಿಂದ ನಾದಿನಿಗೆ ಒಂದು ಸಂಬಂಧ ಬಂದಿದೆ. ಅವಳು ಪಕ್ಕದಲ್ಲೇ ಕೂತಿರುವಾಗ ಎಲ್ಲರೂ ಆ ಮಾತು ಆಡುತ್ತಾರೆ, ಅವಳಿಗೆ ಯಾರೂ ಹೇಳಿಲ್ಲ. ನಾನೇ ತಿಳಿಸಿ ಹೂಂ ಅನ್ನಿಸಬೇಕಂತೆ. ಏನು ಮಾಡಲಿ?

ಉತ್ತರ: ಸೈನ್ ಎಲ್ಲಿ ಕಲಿಯಬೇಕು ಅನ್ನುವುದು ನಿಮ್ಮ ಪತ್ರದಲ್ಲಿ ಸಣ್ಣ ಪ್ರಶ್ನೆ. ಹತ್ತಿರವಾಗಲು ಹೋಗಿ ಅವಳನ್ನು ನೋಯಿಸಿಬಿಟ್ಟೆನಾ ಅನ್ನುವ ಅಳುಕು ಅದಕ್ಕಿಂತ ದೊಡ್ಡದು. ಸ್ವಲ್ಪ ನೋಯಿಸಿದ್ದೀರಿ, ಆದರೆ ಸರಿಪಡಿಸಲು ಆಗದಂಥದ್ದೇನಲ್ಲ. ನಾನು ಕಿವುಡ ಮಕ್ಕಳಿಗೆ ಪಾಠ ಮಾಡಿದವಳು, ಈಗ ಇಂಟರ್‌ಪ್ರಿಟರ್ ಕೆಲಸ ಮಾಡುತ್ತೇನೆ, ಅಂದರೆ ಸೈನನ್ನು ಬಾಯಿಮಾತಿಗೆ, ಬಾಯಿಮಾತನ್ನು ಸೈನಿಗೆ ತಿರುಗಿಸಿ ಹೇಳುವ ಕೆಲಸ. ನನಗೂ ಕಿವಿ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಹೇಳುವುದಕ್ಕೂ ನಿಮ್ಮ ನಾದಿನಿ ಹೇಳುವುದಕ್ಕೂ ವ್ಯತ್ಯಾಸ ಕಂಡರೆ ಅವಳ ಮಾತನ್ನೇ ಹಿಡಿಯಿರಿ.

ಮೊದಲು ಮಗುವಿನ ವಿಷಯ, ಯಾಕಂದರೆ ಅದಕ್ಕೆ ತಡ ಮಾಡುವ ಹಾಗಿಲ್ಲ. ಸೈನ್ ನೋಡಿ ಬೆಳೆದ ಮಗುವಿಗೆ ಮಾತು ತಡವಾಗುತ್ತದೆ ಅನ್ನುವುದು ಸುಳ್ಳು. ಅಪ್ಪ ಅಮ್ಮ ಇಬ್ಬರೂ ಕಿವುಡರಾಗಿರುವ ಮನೆಗಳಲ್ಲಿ ಕಿವಿ ಕೇಳಿಸುವ ಮಕ್ಕಳು ಮನೆಯಲ್ಲಿ ಸೈನ್ ಮಾಡುತ್ತಾರೆ, ಅಜ್ಜಿ ಮತ್ತು ಅಕ್ಕಪಕ್ಕದವರ ಜೊತೆ ಬಾಯಲ್ಲಿ ಮಾತಾಡುತ್ತಾರೆ. ಕಲಬುರಗಿಯಲ್ಲಿ ಇದಕ್ಕೆ ಬೇರೆ ಸಾಕ್ಷಿ ಬೇಕೇ? ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಅಂತ ಬೆಳೆದ ಮಕ್ಕಳು ಇಲ್ಲಿ ಎಷ್ಟು ಬೇಕು. ಸೈನ್ ಕೂಡ ಹಾಗೇ ಇನ್ನೊಂದು ಭಾಷೆ.

ಆದರೆ ನಿಮ್ಮ ಪತ್ರದಲ್ಲಿ ನೀವು ಹಾಗೇ ದಾಟಿಹೋದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಗಂಡ ಸೋದರತ್ತೆಯ ಮಗ, ಅವರ ತಂಗಿಗೆ ಹುಟ್ಟಿನಿಂದ ಕಿವುಡು. ಹುಟ್ಟು ಕಿವುಡುತನಕ್ಕೆ ಕಾರಣ ಹಲವು. ತಾಯಿಗೆ ಬಸುರಿಯಲ್ಲಿ ರುಬೆಲ್ಲಾ ಸೋಂಕು ಬಂದಿರಬಹುದು, ಹುಟ್ಟಿದ ಮೇಲೆ ಕಾಮಾಲೆ ವಿಪರೀತ ಏರಿರಬಹುದು. ಜೀನ್ ಮೂಲಕ ಬರುವುದೂ ಬಹಳ ಸಾಮಾನ್ಯ. ಅಂಥ ಜೀನ್ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಇದ್ದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ, ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಮಗುವಿಗೆ ಎರಡೂ ಕಡೆಯಿಂದ ಬಂದರೆ ಕಿವುಡು. ಪ್ರತಿ ಹೆರಿಗೆಯಲ್ಲೂ ಹಾಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರ ಸಂಬಂಧದಲ್ಲಿ ಒಂದೇ ಜೀನ್ ಇಬ್ಬರಲ್ಲೂ ಇರುವ ಸಂಭವ ಜಾಸ್ತಿ.

ಹೆದರಬೇಡಿ, ಪರೀಕ್ಷೆ ಮಾಡಿಸಿ. ತಟ್ಟೆ ಬಡಿದಾಗ ತಿರುಗಿ ನೋಡುತ್ತಾನೆ ಅನ್ನುವುದು ಪರೀಕ್ಷೆ ಅಲ್ಲ. ಮಕ್ಕಳು ನೆರಳು ನೋಡಿಯೂ ತಿರುಗುತ್ತಾರೆ, ನೆಲದ ಅದುರಿಗೂ ತಿರುಗುತ್ತಾರೆ. ಒಎಇ ಮತ್ತು ಬೆರಾ ಅಂತ ಎರಡು ಪರೀಕ್ಷೆ ಇವೆ: ಒಳಕಿವಿ ಸದ್ದಿಗೆ ಸ್ಪಂದಿಸುತ್ತದಾ ಅಂತ ಮೊದಲನೆಯದು, ಸದ್ದು ನರದ ಮೂಲಕ ಮೆದುಳಿಗೆ ಹೋಗುತ್ತದಾ ಅಂತ ಎರಡನೆಯದು ನೋಡುತ್ತದೆ. ನೋವಿಲ್ಲ, ಮಗು ಮಲಗಿರುವಾಗಲೇ ಮಾಡುತ್ತಾರೆ. ನಿಮ್ಮೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಇನ್ನೂ ವಿವರವಾಗಿ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಮುಂದಿನ ಕೆಲಸ ಶುರು ಅನ್ನುವುದು ಈ ಕ್ಷೇತ್ರದವರೆಲ್ಲ ಒಪ್ಪಿರುವ ಲೆಕ್ಕ. ನಿಮ್ಮ ಮಗನಿಗೆ ಎಂಟು ತಿಂಗಳು, ಅದಕ್ಕೇ ಈ ವಾರವೇ ಹೋಗಿ ಅನ್ನುತ್ತಿದ್ದೇನೆ. ಕೇಳಿಸುತ್ತದೆ ಅಂತ ಬಂದರೆ ಸಂತೋಷ. ಇಲ್ಲ ಅಂತ ಬಂದರೂ ಅವನಿಗೆ ಮೊದಲ ದಿನದಿಂದ ಭಾಷೆ ಕೊಡಬಲ್ಲ ಸೋದರತ್ತೆ ಮನೆಯಲ್ಲೇ ಇದ್ದಾಳೆ. ಕಿವಿಗೆ ಮಷಿನ್ ಹಾಕಿಸಿದರೂ, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಮಾಡಿಸಿದರೂ ಅದರ ಜೊತೆ ಸೈನ್ ನಡೆಯುತ್ತದೆ. ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕು ಅಂತೇನಿಲ್ಲ.

ಈ ಪರೀಕ್ಷೆಯ ವಿಷಯವನ್ನು ನಾದಿನಿಗೂ ಹೇಳಿ, ಮುಚ್ಚಿಟ್ಟು ಮಾಡಬೇಡಿ. "ನಿನ್ನ ಹಾಗೆ ಆಗಬಾರದು ಅಂತ ಹೋಗುತ್ತಿದ್ದೇವೆ" ಅನ್ನಬೇಡಿ. "ಅವನಿಗೆ ಯಾವ ಭಾಷೆ ಮೊದಲು ಅಂತ ತಿಳಿಯೋಕೆ" ಅನ್ನಿ. ನಿಜವೂ ಅದೇ ಅಲ್ವಾ?

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಆ ನಂಬಿಕೆ ಅವರಾಗಿಯೇ ಹುಟ್ಟಿಸಿಕೊಂಡದ್ದಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಒಂದು ಸಮ್ಮೇಳನ ನಡೆಯಿತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕಿವಿ ಕೇಳಿಸುತ್ತಿತ್ತು. ಶಾಲೆಯಲ್ಲಿ ಸೈನ್ ಬೇಡ, ಬಾಯಿಮಾತೇ ಕಲಿಸಬೇಕು ಅಂತ ಅವರು ನಿರ್ಣಯ ಮಾಡಿದರು. ಅದರ ಗಾಳಿ ನಮ್ಮ ದೇಶದ ಶಾಲೆಗಳಿಗೂ ಬೀಸಿತು. ಆ ನಿರ್ಣಯ ತಪ್ಪು ಅಂತ ಅದೇ ಸಮ್ಮೇಳನದ ಪರಂಪರೆಯವರು ಒಪ್ಪಿಕೊಂಡದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ. ಆ ಕಾಲದ ಡಾಕ್ಟರು, ಮೇಷ್ಟ್ರು ಏನು ಹೇಳುತ್ತಿದ್ದರೋ ನಿಮ್ಮ ಅತ್ತೆ ಅದನ್ನು ನಂಬಿದ್ದಾರೆ. ಶಾಲೆಗಳಲ್ಲೂ ಬಹಳ ಕಡೆ ಮೇಷ್ಟ್ರು ಬಾಯಲ್ಲಿ ಪಾಠ ಮಾಡಿದರು. ಮಕ್ಕಳು ಭಾಷೆ ಕಲಿತದ್ದು ಹಾಸ್ಟೆಲ್ಲಿನಲ್ಲಿ, ಆಟದ ಬಯಲಿನಲ್ಲಿ, ದೊಡ್ಡ ಮಕ್ಕಳನ್ನು ನೋಡಿ. ನಿಮ್ಮ ನಾದಿನಿ ವಿಡಿಯೊ ಕಾಲ್‌ನಲ್ಲಿ ಆಡುವ ಭಾಷೆ ಅಂಥ ಕಡೆಯಿಂದ ಬಂದದ್ದೇ ಇರಬೇಕು.

ತುಟಿ ನೋಡಿ ತಿಳಿಯುತ್ತಾಳೆ ಅನ್ನುವ ಇನ್ನೊಂದು ನಂಬಿಕೆ ಇದೆ. ಕನ್ನಡಿ ಮುಂದೆ ನಿಂತು, ದನಿ ಇಲ್ಲದೆ, ಪಾಪ ಅನ್ನಿ, ಬಾಬಾ ಅನ್ನಿ, ಮಾಮ ಅನ್ನಿ. ಮೂರಕ್ಕೂ ತುಟಿ ಒಂದೇ ರೀತಿ ಆಡುತ್ತದೆ. ಕ, ಗ ಗಂಟಲ ಹತ್ತಿರ ಹುಟ್ಟುತ್ತವೆ, ಹೊರಗೆ ಕಾಣುವುದೇ ಇಲ್ಲ. ಉಳಿದದ್ದನ್ನು ಅವಳು ಊಹೆ ಮಾಡುತ್ತಾಳೆ. ದಿನವಿಡೀ ಊಹೆ ಮಾಡುತ್ತಾ ಕೂರುವುದು ಎಷ್ಟು ದಣಿವಿನ ಕೆಲಸ ಅಂತ ಕೇಳಿಸುವವರಿಗೆ ಗೊತ್ತಾಗುವುದಿಲ್ಲ. ಆಮೇಲೆ "ಆಕಿ ಸುಮ್ನ ಫೋನ್ ಹಿಡಕೊಂಡು ಕೂಡ್ತಾಳ" ಅಂತ ದೂರು ಬೇರೆ.

ಈಗ ನಿಮ್ಮ ಇನ್‌ಸ್ಟಾಗ್ರಾಮ್ ಕಲಿಕೆ. ರೀಲ್‌ಗಳಲ್ಲಿ ಜಾಸ್ತಿ ಸಿಗುವುದು ಅಮೆರಿಕದ ಸೈನ್. ಎ, ಬಿ, ಸಿ ಎಲ್ಲ ಅಕ್ಷರಗಳನ್ನೂ ಒಂದೇ ಕೈಯಲ್ಲಿ ಮಾಡುತ್ತಿದ್ದರೆ ಅದು ನಮ್ಮದಲ್ಲ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೆಚ್ಚಿನ ಇಂಗ್ಲಿಷ್ ಅಕ್ಷರಗಳಿಗೆ ಎರಡೂ ಕೈ ಬೇಕು. ಸೈನ್ ಅನ್ನುವುದು ಪ್ರಪಂಚಕ್ಕೆಲ್ಲ ಒಂದೇ ಭಾಷೆ ಅಲ್ಲ. ನಮ್ಮ ದೇಶದೊಳಗೂ ಪದಗಳು ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತವೆ, ವ್ಯಾಕರಣ ಮಾತ್ರ ಬಹುತೇಕ ಒಂದೇ. ಆಪ್‌ನಲ್ಲಿ ಒಂದು ಸೈನ್, ನಾದಿನಿ ಕೈಯಲ್ಲಿ ಇನ್ನೊಂದು ಕಂಡರೆ "ಡಿಕ್ಷನರಿಯಲ್ಲಿ ಹೀಗಿದೆ" ಅಂತ ಅವಳಿಗೆ ಪಾಠ ಹೇಳಬೇಡಿ. ಕಲಬುರಗಿಯ ಕನ್ನಡ ಪುಸ್ತಕದಲ್ಲಿಲ್ಲ ಅಂತ ನಾವು ಬಿಡುತ್ತೇವಾ?

ಕನ್ನಡದವರಿಗೆ ಇದರ ವಾಕ್ಯ ರಚನೆ ಅಷ್ಟೇನೂ ಪರಕೀಯ ಅಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಹಾಗೆಯೇ. "ಇಲ್ಲ" ಅನ್ನುವುದೂ ಕೊನೆಗೆ. ಪ್ರಶ್ನೆಯ ಸೈನ್ ಕೂಡ ಕೊನೆಗೆ: ನೀನು, ಹೆಸರು, ಏನು. ಜಾಗದ ಸೈನ್ ಜೊತೆ ಆ ಪ್ರಶ್ನೆಯ ಸೈನ್ ಸೇರಿದರೆ ಎಲ್ಲಿ, ಮುಖದ ಜೊತೆ ಸೇರಿದರೆ ಯಾರು, ಹೊತ್ತಿನ ಜೊತೆ ಸೇರಿದರೆ ಯಾವಾಗ. ನಮ್ಮವರು ಎಡವುವುದು ಮುಖದಲ್ಲಿ. "ಊಟ ಆಯ್ತು" ಮತ್ತು "ಊಟ ಆಯ್ತಾ" ಎರಡಕ್ಕೂ ಕೈ ಒಂದೇ. ವ್ಯತ್ಯಾಸ ಹುಬ್ಬಿನಲ್ಲಿದೆ: ಹುಬ್ಬು ಏರಿಸಿ, ತಲೆ ಸ್ವಲ್ಪ ಮುಂದೆ ಚಾಚಿದರೆ ಪ್ರಶ್ನೆ. ಸೊಸೆ ಮುಖ ಹಾಗೆಲ್ಲ ಕುಣಿಸಬಾರದು ಅನ್ನುವ ಸಂಕೋಚದಲ್ಲಿ ಹೆಣ್ಣುಮಕ್ಕಳು ಗಂಭೀರವಾಗಿ ಕೈ ಮಾತ್ರ ಆಡಿಸುತ್ತಾರೆ. ಅದು ದನಿಯ ಏರಿಳಿತ ಇಲ್ಲದೆ ಒಂದೇ ಸಮ ಓದಿದ ಹಾಗೆ ಕಾಣುತ್ತದೆ. ನಾದಿನಿ ನಕ್ಕದ್ದು ಅದಕ್ಕೂ ಇರಬಹುದು. ನಗಲಿ ಬಿಡಿ. ತನ್ನ ಭಾಷೆಯಲ್ಲಿ ನಿಮ್ಮ ತಪ್ಪು ಹಿಡಿಯುವ ಅವಕಾಶ ಆ ಮನೆಯಲ್ಲಿ ಅವಳಿಗೆ ಅದೇ ಮೊದಲ ಸಲ ಸಿಕ್ಕಿರಬೇಕು.

ಇನ್ನೊಂದು ಮಾತು. ಕನ್ನಡ ಮಾತಾಡುತ್ತಾ ಜೊತೆಗೇ ಸೈನ್ ಮಾಡಬೇಡಿ. ಬಾಯಿ ಗೆಲ್ಲುತ್ತದೆ, ಕೈ ಅರ್ಧಕ್ಕೆ ನಿಲ್ಲುತ್ತದೆ, ಅವಳಿಗೆ ಚೂರುಪಾರು ಸಿಗುತ್ತದೆ. ದನಿ ನಿಲ್ಲಿಸಿ ಸೈನ್ ಮಾಡಿ.

ಈಗ ನಾನು ಮುಖ್ಯ ಅಂದುಕೊಂಡದ್ದಕ್ಕೆ ಬರುತ್ತೇನೆ. ಮನೆಯವರು ಸೈನ್ ಕಲಿಯುವಾಗ "ಅವಳ ಜೊತೆ ಮಾತಾಡೋಕೆ" ಅಂತ ಕಲಿಯುತ್ತಾರೆ. ಅವಳಿಗೆ ಏನಾದರೂ ಹೇಳಬೇಕಾದಾಗ ಕೈ ಎತ್ತುತ್ತಾರೆ, ಮುಗಿದ ಮೇಲೆ ತಮ್ಮತಮ್ಮಲ್ಲಿ ಬಾಯಲ್ಲಿ ಶುರು. ಇದರಿಂದ ಬಹಳ ಬದಲಾಗುವುದಿಲ್ಲ. ನಿಮಗೆ ಮನೆಯ ವಿಷಯಗಳು ಹೇಗೆ ಗೊತ್ತಾದವು ನೆನಪಿಸಿಕೊಳ್ಳಿ. ತೊಗರಿಯ ರೇಟು ಬಿದ್ದದ್ದು, ಮಾವನಿಗೆ ಶುಗರ್ ಬಂದದ್ದು, ಆಳಂದದ ಚಿಕ್ಕಮ್ಮ ಯಾಕೆ ಬರುವುದು ಬಿಟ್ಟರು ಅನ್ನುವುದು. ಯಾರೂ ನಿಮ್ಮನ್ನು ಕೂರಿಸಿ ಹೇಳಲಿಲ್ಲ, ಕಿವಿಗೆ ಬಿತ್ತು. ಅವಳಿಗೆ 24 ವರ್ಷದಿಂದ ಹಾಗೆ ಏನೂ ಬಿದ್ದಿಲ್ಲ. ಎಲ್ಲರೂ ನಗುತ್ತಾರೆ, ಅವಳು ಏನು ಅಂತ ಕೇಳುತ್ತಾಳೆ, "ಏನಿಲ್ಲ, ಆಮೇಲೆ ಹೇಳ್ತೀನಿ" ಅನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಕಿವುಡರನ್ನು ಮನೆಯಲ್ಲಿ ಯಾವುದು ಬಹಳ ನೋಯಿಸುತ್ತದೆ ಅಂತ ಕೇಳಿ, ಹೆಚ್ಚಿನವರು ಇದನ್ನೇ ಹೇಳುತ್ತಾರೆ.

ಹಾಗಾಗಿ ಅವಳ ಎದುರು ನೀವೂ ನಿಮ್ಮ ಗಂಡನೂ ನಿಮ್ಮಿಬ್ಬರ ಮಾತನ್ನೇ ಸೈನ್‌ನಲ್ಲಿ ಆಡಿ. ಕರೆಂಟ್ ಬಿಲ್, ಮಗುವಿನ ಜ್ವರ, ನಾಳೆ ಯಾವ ಪಲ್ಯ. ಅವಳಿಗೆ ಸಂಬಂಧವೇ ಇಲ್ಲದ್ದು ಇರಲಿ. ಅವಳು ನೋಡಬಹುದು, ನೋಡದೆ ಇರಬಹುದು, ಮಧ್ಯೆ ಬಾಯಿ ಹಾಕಬಹುದು. ಇದು ಆಗದ ಮಾತು ಅಂತ ಅನಿಸಿದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಅಲೀಪುರವನ್ನು ನೋಡಿ. ಸಂಬಂಧದಲ್ಲೇ ಮದುವೆ ಜಾಸ್ತಿ ಇರುವ ಊರು, ಹುಟ್ಟು ಕಿವುಡರು ಬಹಳ. ಅಲ್ಲಿ ಊರಿನದೇ ಒಂದು ಸಂಜ್ಞಾ ಭಾಷೆ ಬೆಳೆದಿದೆ, ಭಾಷಾ ಪಂಡಿತರು ಅದನ್ನು ದಾಖಲಿಸಿದ್ದಾರೆ. ಕಿವಿ ಕೇಳಿಸುವವರೂ ಅದನ್ನು ಬಳಸುತ್ತಾರೆ. ರಾತ್ರಿ ಊಟದ ಹೊತ್ತು ಒಂದಕ್ಕೆ ಈ ನಿಯಮ ಇಟ್ಟುಕೊಂಡು ಶುರು ಮಾಡಿ. ಅತ್ತೆ ಸೇರದಿದ್ದರೆ ಪರವಾಗಿಲ್ಲ, ತಮಗೆ ತಿಳಿಯದ ಮಾತು ನಡೆಯುತ್ತಿದೆ ಅಂತ ಅನಿಸಿದಾಗ ಅವರೇ ಕೇಳುತ್ತಾರೆ.

ಎಲ್ಲಿ ಕಲಿಯುವುದು ಅಂದರೆ, ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದೆ. ಅವರ ಡಿಕ್ಷನರಿಯಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ವಿಡಿಯೊಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ. 2022ರಲ್ಲಿ ಬಂದ ಸೈನ್ ಲರ್ನ್ ಅನ್ನುವ ಆಪ್ ಕೂಡ ಅವರದೇ. ವಿವರ ಹಿಂದಿ, ಇಂಗ್ಲಿಷಿನಲ್ಲಿದೆ. ಪದ ಹುಡುಕಲು ಇವು ಒಳ್ಳೆಯವು, ಆದರೆ ಪದ ಗೊತ್ತಾದ ಮಾತ್ರಕ್ಕೆ ಮಾತು ಬರುವುದಿಲ್ಲ. ಎರಡು ವರ್ಷದ ಡಿಪ್ಲೊಮಾ ಇದೆ, ಅದು ಇಂಟರ್‌ಪ್ರಿಟರ್ ಆಗುವವರಿಗೆ, ನಿಮಗೆ ಈಗ ಬೇಕಿಲ್ಲ. ನಾನು ಹೇಳುವುದು ಕಿವುಡರ ಹತ್ತಿರವೇ ಕಲಿಯಿರಿ. ನಾದಿನಿಯೇ ಕಲಿಸಲಿ ಅಂತ ಒತ್ತಾಯ ಬೇಡ. ಮನೆಗೆಲಸ, ಹೊಲಿಗೆ ಮುಗಿಸಿ ಕೂತವಳಿಗೆ ಇದೂ ಒಂದು ಚಾಕರಿ ಆಗಬಾರದು. ಅವಳ ಗೆಳತಿಯರಲ್ಲಿ ಕಲಿಸುವ ಆಸಕ್ತಿ ಇರುವವರು ಯಾರು ಅಂತ ಅವಳನ್ನೇ ಕೇಳಿ, ವಾರಕ್ಕೆ ಎರಡು ದಿನ ಗೊತ್ತು ಮಾಡಿ, ಫೀಸ್ ಕೊಡಿ. ಟ್ಯೂಷನ್ ಮೇಷ್ಟ್ರಿಗೆ ಕೊಡುವುದಿಲ್ಲವಾ, ಹಾಗೆ.

ನಡವಳಿಕೆಯಲ್ಲಿ ಒಂದಿಷ್ಟು ತಿಳಿದಿರಲಿ. ಕರೆಯಬೇಕಾದರೆ ಭುಜ ತಟ್ಟಿ, ದೂರ ಇದ್ದರೆ ಕೈ ಬೀಸಿ ಅಥವಾ ಲೈಟ್ ಆರಿಸಿ ಹಾಕಿ. ವಸ್ತು ಎಸೆಯಬೇಡಿ, ಮುಖ ಹಿಡಿದು ತಿರುಗಿಸಬೇಡಿ. ಅವಳು ಹೇಳುತ್ತಿರುವಾಗ ಬೇರೆ ಕಡೆ ನೋಡಿದರೆ ಕಿವಿ ಮುಚ್ಚಿಕೊಂಡ ಹಾಗೆಯೇ ಲೆಕ್ಕ. ಇಬ್ಬರು ಸೈನ್ ಮಾಡುತ್ತಿರುವಾಗ ನಡುವೆ ಹಾಯಬೇಕಾದರೆ ಸುಮ್ನೆ ಬೇಗ ಹೋಗಿಬಿಡಿ, ಅಲ್ಲೇ ನಿಂತು ಕ್ಷಮೆ ಕೇಳಿದರೆ ಅಡ್ಡಿ ಜಾಸ್ತಿ. ರೊಟ್ಟಿ ಬಡಿಯುವಾಗ ಎರಡೂ ಕೈ ಹಿಟ್ಟಿನಲ್ಲಿ ಇರುತ್ತವೆ. ಆಗ ಮಾತಿಗೆಳೆದರೆ ರೊಟ್ಟಿಯೂ ಕೆಡುತ್ತದೆ, ಮಾತೂ ಕೆಡುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ನಮಗೆ ಸೆಖೆ ಮಾತ್ರ, ಅವಳಿಗೆ ಮಾತೇ ನಿಂತುಹೋಗುತ್ತದೆ. ಚಾರ್ಜಿಂಗ್ ಲೈಟ್ ಮೊದಲು ಅವಳಿರುವ ಕಡೆ ಇಡಿ. ನಿಮಗೆ ಸೈನ್ ಹೆಸರು, ಅಂದರೆ ನಿಮ್ಮನ್ನು ಗುರುತಿಸಿ ಕರೆಯುವ ಸೈನ್, ನೀವೇ ಇಟ್ಟುಕೊಳ್ಳಬೇಡಿ, ಅದನ್ನು ಕಿವುಡರು ಕೊಡಬೇಕು. ನಿಮ್ಮ ಗಲ್ಲದ ಮಚ್ಚೆಯನ್ನೋ ದಪ್ಪ ಮೂಗನ್ನೋ ಹಿಡಿದು ಕೊಟ್ಟರೆ ಬೇಜಾರಾಗಬೇಡಿ. ಅವರಲ್ಲಿ ಅದು ಬರೀ ಗುರುತು, ಹೀಯಾಳಿಕೆ ಅಲ್ಲ. ಮೂಗಿ, ಕೆಪ್ಪಿ ಅನ್ನುವುದನ್ನು ಮಾತ್ರ ಮನೆಯಲ್ಲಿ ಯಾರೇ ಅಂದರೂ ತಡೆಯಿರಿ. ಕಿವುಡರು ಅನ್ನಬಹುದು, ಅವರಿಗೆ ಅದರಲ್ಲಿ ಅವಮಾನ ಇಲ್ಲ.

ರೀಲ್ ತೆಗೆದುಹಾಕಿ. ಅವಳಿಗೆ ಯಾಕೆ ಕೋಪ ಬಂತು ಗೊತ್ತೇ? ಅದೇ ಸೈನ್ ಮಾಡಿದ್ದಕ್ಕೆ ಅವಳನ್ನು ಜನ ಬಸ್ಸಿನಲ್ಲಿ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಾರೆ. ನೀವು ಅರೆಬರೆ ಮಾಡಿದ್ದಕ್ಕೆ ಚಪ್ಪಾಳೆ, ಹಾರ್ಟು, "ಎಷ್ಟು ದೊಡ್ಡ ಮನಸ್ಸು" ಅನ್ನುವ ಕಮೆಂಟು. ಅದೂ ಹಾಡು, ಅವಳಿಗೆ ಕೇಳಿಸದ್ದು. ಅಮೆರಿಕದ ಸೈನ್ ಬೆರೆತಿದ್ದರೆ ಅವಳ ಗೆಳತಿಯರಿಗೂ ಅದು ಅರ್ಥವಾಗಿರುವುದಿಲ್ಲ, ಹಾಗಾದರೆ ಅದು ಯಾರಿಗಾಗಿ? ನೀವು ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ ಅಂತ ನನಗೆ ಗೊತ್ತು, ಅವಳಿಗೂ ಗೊತ್ತಿರುತ್ತದೆ. ಮುಂದೆ ವಿಡಿಯೊ ಮಾಡಬೇಕು ಅನಿಸಿದರೆ ಕ್ಯಾಮೆರಾ ಮುಂದೆ ಅವಳಿರಲಿ, ಅವಳಿಗೆ ಇಷ್ಟವಿದ್ದರೆ.

ನೀವು ಕೇಳಿಲ್ಲ, ಆದರೂ ಮದುವೆ ಮಾತಿನ ಜೊತೆ "ಒಂದು ಆಪರೇಷನ್ ಮಾಡಿಸಿಬಿಡೋಣ" ಅನ್ನುವುದೂ ಬರುತ್ತದೆ. ಕಾಕ್ಲಿಯರ್ ಇಂಪ್ಲಾಂಟಿನಿಂದ ಮಾತು ಕಲಿಯುವ ಲಾಭ ಸಿಗುವುದು ತೀರ ಚಿಕ್ಕ ವಯಸ್ಸಿನಲ್ಲಿ ಮಾಡಿಸಿದಾಗ, ಅದೂ ಆಮೇಲೆ ವರ್ಷಗಟ್ಟಲೆ ತರಬೇತಿ ಕೊಟ್ಟರೆ. ಹುಟ್ಟಿನಿಂದ ಕೇಳದವರಿಗೆ 24ರಲ್ಲಿ ಮಾಡಿಸಿದರೆ ಸದ್ದು ಗೊತ್ತಾಗಬಹುದು, ಮಾತು ತಿಳಿಯುವುದು ಬಹಳ ಕಷ್ಟ. ಲಕ್ಷಗಳ ಖರ್ಚು, ಕಿವಿಯ ಹಿಂದೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ. ಬೇಕೋ ಬೇಡವೋ ಅವಳೇ ಹೇಳಬೇಕು.

ಸಂಬಂಧದ ವಿಷಯಕ್ಕೆ ನನ್ನ ಉತ್ತರ ಸ್ವಲ್ಪ ಖಡಕ್ಕಾಗಿದೆ. "ಹೂಂ ಅನ್ನಿಸುವ" ಕೆಲಸ ಒಪ್ಪಬೇಡಿ. ಬಂದಿದೆ ಅನ್ನುವ ಸುದ್ದಿಯನ್ನು ಮಾತ್ರ ಇವತ್ತೇ ಹೇಳಿ, ನಿಮ್ಮ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಸೈನ್ ಸಾಲದಿದ್ದರೆ ಬರೆದು ತೋರಿಸಿ, ಚಿಕ್ಕ ವಾಕ್ಯಗಳಲ್ಲಿ. ಉದ್ದದ ಕನ್ನಡ ಅವಳಿಗೆ ಎರಡನೇ ಭಾಷೆ ಅನ್ನುವುದು ನೆನಪಿರಲಿ. ಅವಳು ತಲೆ ಆಡಿಸಿದರೆ ಒಪ್ಪಿದಳು ಅಂತ ತಿಳಿಯಬೇಡಿ. ಅರ್ಥವಾಗದಿದ್ದಾಗ ತಲೆ ಆಡಿಸಿ ಪಾರಾಗುವುದನ್ನು ಕಿವುಡ ಮಕ್ಕಳು ಶಾಲೆಯಲ್ಲೇ ಕಲಿತಿರುತ್ತಾರೆ.

ಗಂಡಿನ ಕಡೆಯವರ ಜೊತೆ ಮಾತಾಡುವ ದಿನ ಇಂಟರ್‌ಪ್ರಿಟರ್ ಬೇಕು, ಅದು ನೀವಲ್ಲ. ನಿಮ್ಮ ಸೈನ್ ಇನ್ನೂ ಸಾಲದು, ಅದು ಒಂದು. ಸಾಕಾಗುವಷ್ಟು ಬಂದರೂ ನೀವು ಆ ಮನೆಯ ಸೊಸೆ. ಅವಳು "ಬೇಡ" ಅಂದದ್ದನ್ನು ಅತ್ತೆಯ ಮುಂದೆ ಹಾಗೇ ಹೇಳಲು ನಿಮಗೆ ಕಷ್ಟವಾಗುತ್ತದೆ, ಹೇಳಿದರೆ ನಿಮ್ಮ ಮೇಲೇ ಬರುತ್ತದೆ. ನಮ್ಮ ಭಾಗದಲ್ಲಿ ತರಬೇತಿ ಪಡೆದವರು ಕಡಿಮೆ, ಆದರೆ ವಿಡಿಯೊ ಕಾಲ್ ಮೂಲಕ ಮಾಡುವವರು ಸಿಗುತ್ತಾರೆ. ಅವಳಿಗೆ ನಂಬಿಕೆ ಇರುವವರನ್ನು ಅವಳೇ ಆರಿಸಲಿ. ಆ ದಿನ ಎಲ್ಲರೂ ಇಂಟರ್‌ಪ್ರಿಟರ್ ಮುಖ ನೋಡಿ "ಆಕಿಗೆ ಕೇಳ್ರಿ" ಅನ್ನದೆ, ಅವಳನ್ನೇ ನೋಡಿ ಮಾತಾಡಬೇಕು. ಹುಡುಗನಿಗೆ ಸೈನ್ ಬರುತ್ತದಾ, ಬಾರದಿದ್ದರೆ ಕಲಿಯುತ್ತಾನಾ ಅನ್ನುವುದನ್ನು ಅವಳೇ ಕೇಳಲಿ. ಮಧ್ಯವರ್ತಿ "ಸ್ವಲ್ಪ ಕಮ್ಮಿ ಕೇಳಿಸ್ತದ" ಅಂತ ಹೇಳಿಟ್ಟಿದ್ದರೆ ಈಗಲೇ ಫೋನ್ ಮಾಡಿ ನಿಜ ತಿಳಿಸಿ. ಇಂಟರ್‌ಪ್ರಿಟರ್ ಸಿಗದಿದ್ದರೆ ಭೇಟಿಯನ್ನು ಮುಂದಕ್ಕೆ ಹಾಕಿ. ಹುಮನಾಬಾದಿನವರಿಗೆ ಬೇಜಾರಾದರೆ ಆಗಲಿ.